ಬೀದಿಗೆ ಕೊಟ್ಟ ಉತ್ತರ

ಆ ಊರಿನಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರು ಗಂಟೆಯವರೆಗೆ ಬೀದಿ ನಮ್ಮದಲ್ಲ ಎಂದು ನಮಗೆ ಮೊದಲು ಹೇಳಿದವನು ಬಸ್ಸಿನ ಕಂಡಕ್ಟರು. "ಹನ್ನೊಂದೂವರೆಗೆ ಇಳಿಸ್ತೀನಿ. ಕೋಟೆ ಬಾಗಿಲಿಂದ ನೇರ ನಡೀರಿ, ಎಡಗಡೆ ಮೂರನೇ ಮನೆ ಪುಟ್ಟತಾಯಮ್ಮನೋರದು, ಊಟ ವಸತಿ ಎರಡೂ ಸಿಗುತ್ತೆ. ಫೋಟೋ ಗೀಟೋ ಅಂತ ದಾರೀಲಿ ನಿಂತ್ಕೋಬೇಡಿ," ಎಂದವನು ನಮ್ಮ ಚೀಲಗಳನ್ನು ಕೆಳಗಿಟ್ಟು, ಬಸ್ಸು ತಿರುಗಿಸಿಕೊಂಡು ಹೋಗಿಯೇಬಿಟ್ಟ. ಮತ್ತೆ ಬಸ್ಸು ಇದ್ದದ್ದು ಸಂಜೆ ನಾಲ್ಕಕ್ಕೆ.

ಹೋಗಿದ್ದವರು ನಾನು ಮತ್ತು ನಮ್ಮಣ್ಣ ಧರಣೇಂದ್ರಯ್ಯ. ಅಣ್ಣ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದವನು. ಶಾಸನದ ಕಲ್ಲು ಕಂಡರೆ ಊಟ ಮರೆಯುವ ಜಾತಿ. ಎರಡು ವರ್ಷದಿಂದ ಅವನ ನೋಟ ಸುತ್ತಲಿಂದ ಮುಚ್ಚಿಕೊಳ್ಳುತ್ತ ಬಂದಿತ್ತು. ಕೊಳವೆಯೊಳಗಿಂದ ನೋಡಿದ ಹಾಗೆ ಕಾಣುತ್ತದೆ ಅನ್ನುತ್ತಿದ್ದ. ಆ ಕೊಳವೆಯೂ ಮುಚ್ಚುವುದರೊಳಗೆ ಈ ಊರಿನ ಕಲ್ಲುಗಳನ್ನು ಒಮ್ಮೆ ಮುಟ್ಟಿ ಬರಬೇಕೆಂಬುದು ಅವನ ಹಟ. ಸುಮತಿ ಅತ್ತಿಗೆಗೆ ಮಂಡಿನೋವು. "ನೀನೇ ಕರ್ಕೊಂಡು ಹೋಗು ಮರೂ. ಹೇಗೆ ಕರ್ಕೊಂಡು ಹೋಗ್ತೀಯೋ ಹಾಗೇ ವಾಪಸ್ ತಂದು ಒಪ್ಪಿಸು," ಎಂದಿದ್ದರು. ನಾನು ಮರುದೇವಿ. ಮೂವತ್ತನಾಲ್ಕು ವರ್ಷ ಹಳ್ಳಿಗಳಲ್ಲಿ ಸರಕಾರಿ ದಾದಿಯಾಗಿದ್ದು ನಿವೃತ್ತಳಾದವಳು. ಕರೆಂಟಿಲ್ಲದ ಮನೆಗಳಲ್ಲಿ, ಎತ್ತಿನ ಗಾಡಿಯಲ್ಲಿ, ಒಮ್ಮೆ ಹುಣಸೇಮರದ ಕೆಳಗೆ ಹೆರಿಗೆ ಮಾಡಿಸಿದ ಕೈ ಇದು. ಹೆದರುವವಳಲ್ಲ ಎಂದು ನನ್ನ ಬಗ್ಗೆ ನನಗೆ ನಂಬಿಕೆಯಿತ್ತು.

ವೈಶಾಖ ಅರ್ಧ ಕಳೆದಿತ್ತು. ಹೊಂಗೆಯ ಹೂವೆಲ್ಲ ಉದುರಿ ಕೋಟೆಗೋಡೆಯ ಬುಡದಲ್ಲಿ ತೌಡಿನ ಹಾಗೆ ಬಿದ್ದಿತ್ತು. ಕಲ್ಲುಗಳು ಆಗಲೇ ಕಾದಿದ್ದವು. ನಾವು ನಡೆಯುತ್ತಿದ್ದ ಹಾಗೆ ಎರಡೂ ಕಡೆ ಜನ ಏನೂ ಗಡಿಬಿಡಿಯಿಲ್ಲದೆ ಬೀದಿ ಖಾಲಿ ಮಾಡುತ್ತಿದ್ದರು. ಹೂವಿನವಳು ತನ್ನ ತಳ್ಳುಗಾಡಿಯನ್ನು ಗೋಡೆಗೆ ಒತ್ತರಿಸಿ ಒದ್ದೆ ಗೋಣಿ ಹೊದಿಸಿದಳು. ಬ್ಯಾಂಕಿನವನು ಶಟರ್ ಎಳೆದ. ಯಾರೋ ಹಸುವನ್ನು ಹಿತ್ತಿಲಿಗೆ ಹೊಡೆದುಕೊಂಡು ಹೋದರು. ಬೀದಿಯ ನಟ್ಟನಡುವೆ ಒಂದು ಸೈಕಲ್ಲು ನಿಂತಿತ್ತು. ದಾರಿಹೋಕನೊಬ್ಬ ಅದು ಯಾರದೆಂದೂ ಕೇಳದೆ ಎತ್ತಿ ಪಕ್ಕಕ್ಕಿಟ್ಟು ತನ್ನ ಪಾಡಿಗೆ ಹೋದ.

ಪುಟ್ಟತಾಯಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಅರವತ್ತರ ಆಸುಪಾಸು, ತುಂಬು ಮೈ, ಕೈತುಂಬ ಗಾಜಿನ ಬಳೆ. ನಾವು ಒಳಗೆ ಕಾಲಿಟ್ಟ ಕೂಡಲೆ ಅಗುಳಿ ಹಾಕಿದರು. "ನೀವು ಜೈನರಂತೆ, ಕಂಡಕ್ಟರು ಫೋನ್ ಮಾಡಿದ್ದ. ಈರುಳ್ಳಿ ಬೆಳ್ಳುಳ್ಳಿ ಯಾವುದೂ ಹಾಕಿಲ್ಲ, ಧೈರ್ಯವಾಗಿ ಊಟ ಮಾಡಿ. ಹೊತ್ತು ಮುಳುಗೋ ಮೊದಲೇ ರಾತ್ರಿ ಊಟಾನೂ ಹಾಕಿಬಿಡ್ತೀನಿ." ಪಡಸಾಲೆಯ ಗೋಡೆಯ ಮೇಲೆ ಅವರ ಮಗಳ ಫೋಟೋ ಇತ್ತು, ಬೇರೆ ಊರಿನಲ್ಲಿ ಮೇಡಂ ಆಗಿದ್ದಾಳಂತೆ, ಪ್ರತಿ ಭಾನುವಾರ ಫೋನ್ ಮಾಡುತ್ತಾಳಂತೆ. ಕೈಕಾಲು ತೊಳೆಯಲು ನೀರು ಕೊಡುತ್ತ, ಬಚ್ಚಲು ಎಲ್ಲಿದೆ ಎಂದು ತೋರಿಸಿದಷ್ಟೇ ಸಲೀಸಾಗಿ ಹೇಳಿದರು: "ಹನ್ನೆರಡಾದ ಮೇಲೆ ಬೀದೀಲಿ ಮಾತು ಕೇಳುತ್ತೆ. ಕೇಳಿಸ್ಕೊಳ್ಳಿ, ತೊಂದರೆ ಇಲ್ಲ. ಕಿಟಕಿ ತೆಗೀಬಾರದು. ಏನು ಕೇಳಿದ್ರೂ ಉತ್ತರ ಕೊಡಬಾರದು."

"ಕೊಟ್ಟರೆ?" ಎಂದ ಅಣ್ಣ.

"ಗೊತ್ತಿಲ್ಲ ಮೇಷ್ಟ್ರೇ. ನಮ್ಮತ್ತೆ ನನಗೆ ಹೇಳಿದ್ದು ಇಷ್ಟೇ. ಅವರತ್ತೆ ಅವರಿಗೆ ಹೇಳಿದ್ದೂ ಇಷ್ಟೇ ಅಂತೆ."

ಹನ್ನೆರಡಕ್ಕೆ ಶುರುವಾಯಿತು. ಮೊದಲು ಗಾಡಿಯ ಚಕ್ರ ಕಲ್ಲಿನ ಮೇಲೆ ಉರುಳುವ ಸದ್ದು. ಆಮೇಲೆ ಗೆಜ್ಜೆ, ಗಂಡಸರ ನಗು, ಯಾರೋ ಏನನ್ನೋ ಕೂಗಿ ಮಾರುವುದು. ಕಿಟಕಿಯ ಸಂದಿಯಲ್ಲಿ ನೋಡಿದರೆ ಬರಿಯ ಬಿಸಿಲು, ಬರಿಯ ಬೀದಿ, ಎದುರಿಗೆ ಹಳೆಯ ಮನೆಯೊಂದರ ಅಡಿಪಾಯ ಮಾತ್ರ ಉಳಿದ ಬಯಲು. ನಾನು ಸಂದಿಯಿಂದ ಹಿಂದಕ್ಕೆ ಸರಿದೆ. ಪುಟ್ಟತಾಯಮ್ಮ ಕಿವಿಗೊಟ್ಟು, "ಎಣ್ಣೆಯವನು ಹೋದ, ಅನ್ನಕ್ಕಿಡಬೇಕು," ಎನ್ನುತ್ತ ಒಳಗೆ ಹೋದರು.

ಅಣ್ಣನ ಮುಖ ನೋಡಿ ನನಗೆ ಇನ್ನೊಂದು ಭಯ ಹತ್ತಿತು. ಅವನು ಕಿಟಕಿಯ ಹಲಗೆಗೆ ಕೆನ್ನೆ ಒತ್ತಿ ಕೂತುಬಿಟ್ಟಿದ್ದ. ಕಣ್ಣಲ್ಲಿ ನೀರು. "ಮರೂ, ಹಳಗನ್ನಡ ಕಣೇ. ಕಲ್ಲಿನಲ್ಲಿರೋದು. ಮಾತಾಡ್ತಿದಾರೆ." ಸ್ವಲ್ಪ ಹೊತ್ತಿನ ಮೇಲೆ, "ನಾವು ಬಿಟ್ಟುಬಿಟ್ಟ ೞ ಅಕ್ಷರ ಇದೆಯಲ್ಲ, ನಲವತ್ತು ವರ್ಷ ಹುಡುಗರಿಗೆ ಅದನ್ನ ಅಂದಾಜಿನ ಮೇಲೆ ಹೇಳಿಕೊಟ್ಟೆ. ತಪ್ಪು ಹೇಳಿಕೊಟ್ಟಿದ್ದೆ. ಕೇಳು, ನಾಲಗೆ ಹೇಗೆ ಹಿಂದಕ್ಕೆ ಹೋಗುತ್ತೆ ಕೇಳು," ಎಂದು ತನ್ನಷ್ಟಕ್ಕೆ ತುಟಿ ಆಡಿಸತೊಡಗಿದ. ಸದ್ದು ಹೊರಡದ ಹಾಗೆ ನಾನು ಅವನ ಬಾಯಿಯನ್ನೇ ಕಾಯುತ್ತ ಕೂತೆ.

ಊಟಕ್ಕೆ ಏಳುವ ಹೊತ್ತಿಗೆ ಹೆಂಗಸೊಬ್ಬಳು ನರಳಿದ್ದು ಕೇಳಿಸಿತು. ಎದುರಿನ ಬಯಲಿನ ಕಡೆಯಿಂದ. ಬೇರೆಯವರಿಗೆ ಅದು ಏನೋ ನೋವು; ನನಗೆ ಹಾಗಲ್ಲ. ಎದ್ದು, ಇಳಿದು, ನಿಂತು, ಮತ್ತೆ ಏಳುವ ನೋವು ಅದು. ನಾನು ಗಡಿಯಾರ ನೋಡಿಕೊಂಡೆ. "ಹೆರಿಗೆ ನೋವು," ಎಂದೆ.

ಪುಟ್ಟತಾಯಮ್ಮ ಎಲೆಗೆ ಸಾರು ಬಿಡುತ್ತಿದ್ದವರು ಸೌಟು ಹಿಡಿದೇ ನಿಂತರು. "ಹೌದು ತಾಯಿ. ಹುಣ್ಣಿಮೆ ಕಳೆದು ಮೂರು ದಿನ ಅವಳದು. ಪ್ರತಿ ವರ್ಷ. ಮೂರನೇ ದಿನ ಸುಮ್ಮನಾಗ್ತಾಳೆ. ಅವತ್ತು ಈ ಬೀದೀಲಿ ಯಾರೂ ಒಗ್ಗರಣೆ ಹಾಕೋಲ್ಲ."

"ಮಗು?"

"ಮಗು ಅತ್ತದ್ದು ನಾನು ಕೇಳಿಲ್ಲ."

ಮರುದಿನ ಬೆಳಿಗ್ಗೆ ಅಣ್ಣನನ್ನು ಕೈಹಿಡಿದು ಕೋಟೆ, ಬಸದಿ, ಕೆರೆಯೇರಿಯ ಕಲ್ಲುಗಳನ್ನೆಲ್ಲ ಸುತ್ತಿಸಿದೆ. ಅವನು ಅಕ್ಷರಗಳ ಮೇಲೆ ಬೆರಳಾಡಿಸುತ್ತ ಗಟ್ಟಿಯಾಗಿ ಓದುತ್ತಿದ್ದ. ನನಗೆ ಒಂದೂ ತಲೆಗೆ ಹೋಗಲಿಲ್ಲ. ಹನ್ನೆರಡಾಗುವುದನ್ನೇ ಕಾಯುತ್ತಿದ್ದೆ. ಅವತ್ತು ಮಧ್ಯಾಹ್ನ ನೋವಿಗೂ ನೋವಿಗೂ ನಡುವಿನ ಬಿಡುವು ಕಿರಿದಾಗಿತ್ತು. ಸುತ್ತ ಮೂರು ನಾಲ್ಕು ಹೆಂಗಸರ ದನಿ. ಅಣ್ಣ ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತ ಅರ್ಥ ಹೇಳಿದ: ಚೊಚ್ಚಲು, ಹುಡುಗಿಗೆ ಹದಿನೇಳು, ಸೂಲಗಿತ್ತಿ ಪಕ್ಕದ ಊರಿಂದ ಬರಬೇಕು, ನದಿ ದಾಟಲಾಗಿಲ್ಲ. ಇರುವವರು ಅತ್ತೆ, ನೆರೆಯವರು. ಮೂರು ಹೊಡೆಯಿತು. ನರಳುತ್ತಿದ್ದ ಅರ್ಧ ಉಸಿರಿಗೇ ದನಿ ನಿಂತುಹೋಯಿತು. ಹೂವಿನವಳು ಗೋಣಿ ತೆಗೆದು ನೀರು ಚಿಮುಕಿಸತೊಡಗಿದಳು. ನಾನು ಬೀದಿ ದಾಟಿ ಆ ಬಯಲಿಗೆ ಹೋಗಿ ನಿಂತೆ. ಕಾದ ಕಲ್ಲು, ಒಣಗಿದ ತುಂಬೆಗಿಡ. ಬಗ್ಗಿ ನೆಲ ಮುಟ್ಟಿದೆ. ಏನಿರುತ್ತದೆ ಅಲ್ಲಿ!

"ಇವತ್ತೇ ನಾಲ್ಕರ ಬಸ್ಸಿಗೆ ಹೋಗಿಬಿಡೋಣ ಅಣ್ಣ," ಎಂದೆ.

"ನೀನು ಹೋಗ್ತೀಯಾ?" ಎಂದ. ನಾನು ಹೋಗಲಿಲ್ಲ.

ಮೂರನೇ ದಿನ ಪುಟ್ಟತಾಯಮ್ಮ ಬೆಳಿಗ್ಗೆಯೇ ಒಗ್ಗರಣೆ ಸೌಟು ತೆಗೆದಿಟ್ಟರು. ಸಪ್ಪೆ ಬೇಳೆ, ಅನ್ನ ಮಾಡಿಟ್ಟರು. ಹನ್ನೆರಡಕ್ಕೆ ಬಂದ ದನಿ ಹುಡುಗಿಯದು ಅನ್ನಿಸಲಿಲ್ಲ, ಗಂಟಲು ಹರಿದಿತ್ತು. ಒಂದು ಗಂಟೆ ಕಳೆಯಿತು. ಎರಡಾಯಿತು. ಇದ್ದಕ್ಕಿದ್ದ ಹಾಗೆ ಹೆಂಗಸರೆಲ್ಲ ಒಟ್ಟಿಗೆ ಕೂಗಿಕೊಂಡರು.

"ಏನಂತೆ?"

ಅಣ್ಣ ಹೇಳಿದ, "ಕಾಲ್ ಮುಂ ಬಂದುದು. ಕಾಲು ಮೊದಲು ಬಂದಿದೆಯಂತೆ."

ನನ್ನ ಮೈಯೆಲ್ಲ ಕೈಗೆ ಬಂದು ಸೇರಿದಂತಾಯಿತು. ಕಾಲು ಮೊದಲು ಬಂದ ಎಷ್ಟು ಕೂಸುಗಳನ್ನು ಇಳಿಸಿಕೊಂಡಿಲ್ಲ ನಾನು! "ಅವರೇನು ಮಾಡ್ತಿದಾರೆ?"

"ಎಳೀತಿದಾರೆ."

"ಎಳೆದರೆ ತಲೆ ಸಿಕ್ಕಿಕೊಳ್ಳುತ್ತೆ. ಎಳೀಬೇಡಿ ಅನ್ನು. ಅಣ್ಣಾ, ಎಳೀಬೇಡಿ ಅನ್ನು ಅವರಿಗೆ!"

ಪುಟ್ಟತಾಯಮ್ಮ ಓಡಿ ಬಂದು ಕಿಟಕಿಗೆ ಬೆನ್ನು ಕೊಟ್ಟು ನಿಂತರು. "ಬೇಡಿ ಕಣಮ್ಮಾ. ದಮ್ಮಯ್ಯ ಅಂತೀನಿ. ಅವಳು ಯಾವತ್ತೋ ಸತ್ತವಳು."

"ಸತ್ತಿಲ್ಲ. ಕೂಗ್ತಿದಾಳೆ. ನಿಮಗೂ ಕೇಳ್ತಿದೆಯಲ್ಲ!"

ಅವರು ನನ್ನ ಮುಖ ನೋಡಿದರು. ಹೊರಗೆ ಮತ್ತೊಂದು ಕೂಗು ಎದ್ದಿತು. ಆ ಹೆಂಗಸು, ನಲವತ್ತು ವರ್ಷ ಆ ಕೂಗನ್ನು ಕೇಳಿಕೊಂಡು ಬಡಿಸಿದ, ಉಂಡ ಹೆಂಗಸು, ಕಿಟಕಿಯಿಂದ ಪಕ್ಕಕ್ಕೆ ಸರಿದರು. ಇದನ್ನು ನಾನು ಹೇಳದೆ ಇರಬಾರದು. ಅವರೇ ಸರಿದರು.

ಅಣ್ಣ ಹಲಗೆಗೆ ಬಾಯಿಟ್ಟು ಕೂಗಿದ, "ಎಳೆಯದಿರಿಂ!" ಹೊರಗಿನ ಗಲಾಟೆ ಹಾಗೇ ಇತ್ತು. "ಅರ್ಥವಾಗಲಿಲ್ಲ ಅವರಿಗೆ. ಅವರ ಬಾಯಲ್ಲಿ ಎಳೆ ಅಂದ್ರೆ ಎಳಸು. ಸೆಳೆಯೋದಕ್ಕೆ ಆ ಇನ್ನೊಂದು ಅಕ್ಷರ ಬೇಕು." ಕಣ್ಣು ಮುಚ್ಚಿದ, ನಾಲಗೆ ಒಳಗೆ ಮಡಿಸಿದ, ಮೂರು ದಿನದಿಂದ ಸದ್ದಿಲ್ಲದೆ ತಿದ್ದಿಕೊಂಡಿದ್ದನ್ನು ಎದೆಯಿಂದ ಕೂಗಿದ: "ಎೞೆಯದಿರಿಂ! ಎೞೆಯದಿರಿಂ!"

ಬೀದಿಗೆ ಬೀದಿಯೇ ಸ್ತಬ್ಧವಾಯಿತು. ಗಾಡಿ ನಿಂತಿತು, ಗೆಜ್ಜೆ ನಿಂತಿತು. ಆಮೇಲೆ ಒಂದು ಮುದಿ ದನಿ, ತೀರ ಹತ್ತಿರದಿಂದ, ಕಿಟಕಿಯ ಆಚೆಯಿಂದಲೇ, ಕೇಳಿತು: "ಆರ್?"

"ಯಾರು ಅಂತಿದಾಳೆ."

"ಯಾರಾದರಾಗಲಿ. ಹುಡುಗಿಯನ್ನ ಮಂಚದ ಅಂಚಿಗೆ ತರೋಕೆ ಹೇಳು. ಕೂಸಿನ ಬೆನ್ನು ಮೇಲಿರಲಿ. ಒದ್ದೆ ಬಟ್ಟೆ ಸುತ್ತಲಿ. ಕೈ ಬಿಟ್ಟು ಅದರ ಭಾರಕ್ಕೆ ಅದು ತೂಗಲಿ, ಹೆಡತಲೆಯ ಕೂದಲು ಕಾಣೋವರೆಗೂ ಮುಟ್ಟಕೂಡದು." ನಾನು ಹೇಳುತ್ತ ಹೋದೆ, ಅಣ್ಣ ಹುಡುಕಿ ಹುಡುಕಿ ಅವರ ಮಾತಿಗೆ ತಿರುಗಿಸುತ್ತ ಹೋದ. "ತೂಗಲ್ ಬಿಡಿಂ... ಪೆಡತಲೆ ಕಾಣ್ಬನ್ನೆಗಂ..." ಬೆವರು ಅವನ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ನನ್ನ ಕೈಗಳು ಗಾಳಿಯಲ್ಲಿ ಆ ಪುಟ್ಟ ಪಾದಗಳನ್ನು ಹಿಡಿದಿದ್ದವು. ಮುದಿ ದನಿ ಏನೋ ಹೇಳಿತು. "ಕಂಡಿತಂತೆ," ಎಂದ ಅಣ್ಣ. "ಈಗ ಪಾದ ಹಿಡಿದು ಮೇಲಕ್ಕೆ ಎತ್ತಲಿ. ಬಿಲ್ಲಿನ ಹಾಗೆ, ತಾಯಿಯ ಹೊಟ್ಟೆ ಕಡೆಗೆ. ಮೆತ್ತಗೆ!" ಎಂದೆ. "ಎತ್ತಿಂ!" ಎಂದು ಅವನು ಕೂಗಿದ.

ಎಷ್ಟು ಹೊತ್ತು ಕಳೆಯಿತೋ. ಆಮೇಲೆ ಸಣ್ಣಗೆ, ಬೆಕ್ಕಿನ ಮರಿಯ ಹಾಗೆ ಒಂದು ದನಿ. ಮತ್ತೆ ಜೋರಾಗಿ, ಸಿಟ್ಟಿನಿಂದ, ಕೂಸು ಅತ್ತಿತು.

ಪುಟ್ಟತಾಯಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಳುತ್ತ ನಗುತ್ತ ನಿಂತಿದ್ದರು. "ಅತ್ತಿತಲ್ಲಮ್ಮಾ! ಅತ್ತಿತಲ್ಲ!" ನನ್ನ ಗಲ್ಲ ಹಿಡಿದು ಅಲ್ಲಾಡಿಸಿದರು. "ಸಪ್ಪೆ ಯಾರು ತಿಂತಾರೆ ಇವತ್ತು? ಇರಿ, ಒಂದು ಒಗ್ಗರಣೆ ಹಾಕ್ಕೊಂಡು ಬರ್ತೀನಿ," ಎಂದು ಅಡುಗೆಮನೆಗೆ ಓಡಿದರು. ಸಾಸಿವೆ ಸಿಡಿದ ಸದ್ದು ಕೇಳಿದೆ. ಕರಿಬೇವಿನ ಘಮ ಪಡಸಾಲೆಗೆ ಬಂತು. ಅದರ ಹಿಂದೆಯೇ ಬೆಳ್ಳುಳ್ಳಿಯ ವಾಸನೆಯೂ ಬಂತು.

ಅವರು ಮರೆತರೇನೋ ಎಂದು ನಾನು ಒಳಗೆ ಹೋದೆ. ಒಲೆಯ ಮುಂದೆ ಬೇರೆ ಹೆಂಗಸಿದ್ದಳು. ತೆಳ್ಳಗೆ, ಎತ್ತರಕ್ಕೆ, ಮೂವತ್ತೈದರವಳು. ಅವಳ ಹಿಂದೆ ಇಬ್ಬರು ಮುದುಕಿಯರು ಈರುಳ್ಳಿ ಹೆಚ್ಚುತ್ತಿದ್ದರು. "ಅಯ್ಯೋ, ನಿಮ್ಮದು ಬೇರೆ ಪಾತ್ರೇಲಿ ಮಾಡಿಟ್ಟಿದೀನಿ ಅಕ್ಕಾ, ಇದು ನಮ್ಮ ಮನೆಯವರಿಗೆ," ಎಂದಳು ಅವಳು, ಮೂರು ದಿನದಿಂದ ನನಗೆ ಬಡಿಸಿದವಳ ಹಾಗೆ.

"ಪುಟ್ಟತಾಯಮ್ಮ ಎಲ್ಲಿ?"

"ಯಾರು?"

ಅವಳ ಹೆಸರು ಕೇತವ್ವ. ಆ ಮನೆಯಲ್ಲಿ ಹನ್ನೊಂದು ಜನ. ಪಡಸಾಲೆಗೆ ಬಂದು ನೋಡಿದೆ. ಮೇಡಂ ಆಗಿದ್ದ ಮಗಳ ಫೋಟೋ ಇದ್ದಲ್ಲಿ ಬರಿ ಸುಣ್ಣದ ಗೋಡೆ, ಮೊಳೆ ಹೊಡೆದ ಗುರುತೂ ಇಲ್ಲ. ಮೂರು ಹೊಡೆದ ಕೂಡಲೆ ನಾನು ಬೀದಿಗಿಳಿದು ಹೂವಿನವಳನ್ನು ಕೇಳಿದೆ, ಬ್ಯಾಂಕಿನವನನ್ನು ಕೇಳಿದೆ. ಬಸ್ಸು ನಿಲ್ಲುವಲ್ಲಿಗೆ ಓಡಿ ಕಂಡಕ್ಟರನ್ನು ಹಿಡಿದು ಕೇಳಿದೆ. "ನಿಮ್ಮನ್ನ ಕೇತವ್ವನೋರ ಮನೆಗೆ ಕಳಿಸಿದ್ದು ನಾನೇ ಅಲ್ವಾ ಅಮ್ಮ," ಎಂದ. ಬಸ್ಸು ಹೊರಟುಹೋಯಿತು. ಅಣ್ಣ ಜಗಲಿಯ ಮೇಲೆ ಕೂತಿದ್ದ. ಅವನಿಗೆ ಎಲ್ಲ ನೆನಪಿತ್ತು. ನಾವಿಬ್ಬರೇ, ಇಡೀ ಊರಿನಲ್ಲಿ.

ಸಂಜೆ ಕೇತವ್ವ ತನ್ನ ಎಂಟು ತಿಂಗಳ ಕೂಸನ್ನು ನನ್ನ ತೊಡೆಗೆ ಹಾಕಿ ಊಟದ ಕೆಲಸಕ್ಕೆ ಹೋದಳು. ಮುದುಕಿಯೊಬ್ಬಳು ಅಣ್ಣನಿಗೆ ಮನೆಯ ಕಥೆ ಹೇಳುತ್ತಿದ್ದಳು: ಅವರ ಮೂಲದ ಮನೆ ಎದುರಿನ ಬಯಲಿನಲ್ಲಿತ್ತಂತೆ. ಹಿಂದೆ ಆ ಮನೆಯ ಸೊಸೆಯೊಬ್ಬಳು ಹೆರಲಾರದೆ ಸಾಯುತ್ತಿದ್ದಾಗ ಗೋಡೆಯಿಂದ ದನಿಯೊಂದು ಬಂದು ಕಾಪಾಡಿತಂತೆ. ಆ ಕೂಸಿನ ಸಂತಾನ ಇವರೆಲ್ಲ; ಮನೆ ತುಂಬಿದಾಗ ಎದುರಿನ ಈ ಜಾಗಕ್ಕೆ ಬಂದರಂತೆ. ಇವತ್ತಿಗೂ ಹೆರಿಗೆಯಾಗುವಾಗ ಮನೆಯ ಹೆಂಗಸರು 'ಎಳ್ಯದ್ರಿ ಎಳ್ಯದ್ರಿ' ಅನ್ನುತ್ತಾರಂತೆ. "ಏನರ್ಥವೋ ನಮಗೆ ಗೊತ್ತಿಲ್ಲ ಸ್ವಾಮಿ." ಅಣ್ಣ ತಲೆ ತಗ್ಗಿಸಿ ಕೂತಿದ್ದ. ಕೂಸು ನನ್ನ ಹೆಬ್ಬೆರಳು ಹಿಡಿದುಕೊಂಡು ಬಿಡಲೇ ಇಲ್ಲ. ಹಿಡಿತ ಗಟ್ಟಿಯಾಗಿತ್ತು.

ಮರುದಿನ ನಾಲ್ಕರ ಬಸ್ಸಿಗೆ ಹೊರಡುವುದೆಂದು ಚೀಲ ಕಟ್ಟಿಟ್ಟೆವು. ಹನ್ನೆರಡಕ್ಕೆ ಕೇತವ್ವ ಅಗುಳಿ ಹಾಕಿದಳು. ಗಾಡಿ ಹೋಯಿತು, ಗೆಜ್ಜೆ ಹೋಯಿತು, ಎಣ್ಣೆಯವನು ಹೋದ. ಮನೆಯವರೆಲ್ಲ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದರು. ಆಗ ಬಾಗಿಲು ಬಡಿದ ಸದ್ದಾಯಿತು. ಬಳೆಗಳ ಸದ್ದೂ ಜೊತೆಗೆ.

"ಮರುದೇವಮ್ಮಾ. ನಾನು ಕಣ್ರೀ. ಬಾಗಿಲು ತೆಗೀರಿ."

ನನ್ನ ಕೈಯ ತುತ್ತು ಎಲೆಗೆ ಬಿತ್ತು.

"ಕರಿಬೇವು ಕಿತ್ಕೊಂಡು ಬರೋಣ ಅಂತ ಹಿತ್ತಿಲಿಗೆ ಹೋದೆ, ಬೀದೀಗೆ ಬಂದುಬಿಟ್ಟಿದೀನಿ. ಬಿಸಿಲು ಸುಡ್ತಿದೆ. ಯಾರೂ ಕಾಣ್ತಿಲ್ಲ ಇಲ್ಲಿ. ಮೇಷ್ಟ್ರೇ?"

ಕೇತವ್ವ ನನಗೆ ಮಜ್ಜಿಗೆ ಬಡಿಸಲು ಬಂದವಳು ಮುಗುಳ್ನಕ್ಕಳು. "ಇವಳಾ? ಪಾಪ. ಹುಣ್ಣಿಮೆ ಕಳೆದು ನಾಲ್ಕನೇ ದಿನ ಬರ್ತಾಳೆ, ಪ್ರತಿ ವರ್ಷ. ನಮ್ಮಜ್ಜಿ, ಅವರಜ್ಜಿ ಕಾಲದಿಂದ ಕೇಳ್ತಿದೀವಿ. ಯಾರನ್ನೋ ಹುಡುಕ್ತಾಳೆ. ನಿಮ್ಮದೂ ಅದೇ ಹೆಸರಲ್ವಾ ಅಕ್ಕಾ? ಹೆದರ್ಕೋಬೇಡಿ. ಉತ್ತರ ಕೊಡದಿದ್ದರೆ ಆಯ್ತು."

ಅಣ್ಣ ನನ್ನ ಕಡೆ ತಿರುಗಿದ. ಅವನಿಗೆ ನನ್ನ ಮುಖ ಎಷ್ಟು ಕಂಡಿತೋ ಗೊತ್ತಿಲ್ಲ. ಈ ಸಲ ಅರ್ಥ ಹೇಳುವ, ಮಾತು ತಿರುಗಿಸುವ ಕೆಲಸ ಅವನಿಗಿರಲಿಲ್ಲ. ನನಗೆ ಬೇಕಾದದ್ದು ಒಂದು 'ಬಂದೆ' ಮಾತ್ರ. ಅದು ಗಂಟಲಿಗೆ ಬಂದಿತ್ತು. ನಿನ್ನೆ ಕೊಟ್ಟ ಒಂದು ಉತ್ತರಕ್ಕೆ ಒಂದು ಮನೆಯೇ ಇಲ್ಲವಾಗಿತ್ತು. ನಾನು ಪಂಕ್ತಿಯ ಉದ್ದಕ್ಕೂ ನೋಡಿದೆ. ಮುದುಕಿಯರಿಬ್ಬರು ಅನ್ನ ಕಲೆಸುತ್ತಿದ್ದರು. ಗಂಡಸರು ಕೋಟೆಯ ಹುಲ್ಲಿನ ಹರಾಜಿನ ಬಗ್ಗೆ ಮೆಲ್ಲಗೆ ಮಾತಾಡುತ್ತಿದ್ದರು. ತೊಟ್ಟಿಲಲ್ಲಿ ಕೂಸು ತನ್ನ ಕಾಲನ್ನು ಬಾಯಿಗಿಟ್ಟುಕೊಂಡು ಆಡುತ್ತಿತ್ತು.

ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡೆ. ಎದ್ದು ಹೋಗಿ ಬಾಗಿಲ ಹತ್ತಿರ ನಿಂತೆ.

"ಮರುದೇವಮ್ಮಾ?" ಮತ್ತೆ ಬಡಿದರು, ಮೊದಲಿಗಿಂತ ಮೆತ್ತಗೆ. ಬಳೆ ಹಿಂದಕ್ಕೆ ಸರಿಸಿಕೊಂಡ ಸದ್ದು ಕೇಳಿತು. "ಹೋಗಲಿ ಬಿಡಿ. ನಿದ್ದೆ ಹತ್ತಿರಬೇಕು, ನಿನ್ನೆಯಿಂದ ದಣಿದಿದೀರಿ. ಏಳೋವರೆಗೂ ಇಲ್ಲೇ ಕೂತಿರ್ತೀನಿ."

ಸೀರೆ ಸರಬರ ಅಂದಿತು. ಅವರು ಹೊಸ್ತಿಲ ಮೇಲೆ ಕೂತು ಬಾಗಿಲಿಗೆ ಒರಗಿದ್ದು, ಹಲಗೆ ಒಂದಿಷ್ಟು ಒಳಕ್ಕೆ ಅದುರಿದ್ದು ನನ್ನ ಅಂಗೈಗೆ ಗೊತ್ತಾಯಿತು. ನಾನೂ ಕೂತೆ. ಅದೇ ಹಲಗೆಗೆ ಈಚೆಯಿಂದ ಬೆನ್ನು ಕೊಟ್ಟೆ. ಮೂರು ಹೊಡೆಯಲು ಇನ್ನೂ ಒಂದೂವರೆ ಗಂಟೆಯಿತ್ತು. ಆಚೆಗೆ ಅವರು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ, ಆ ಕೂಸಿಗೆ ಏನು ಹೆಸರಿಟ್ಟರೋ ಎಂದು ನನ್ನನ್ನು ಕೇಳುತ್ತಿದ್ದರು.